ಒಣಗಿದ ಕೆಸರಿನ ಕಾವಲಿಗೆ ಖಾತುನ್ ಬೀ

ಗುಡ್ಡದ ಮೇಲಿನ ಗಾಳಿಯಂತ್ರಗಳ ನೆತ್ತಿಗೆ ಈಗಷ್ಟೇ ಬಿಸಿಲು ತಾಗುತ್ತಿದೆ. ಕೆಳಗೆ, ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ ಸರಿದ ಬಯಲಿನಲ್ಲಿ, ಖಾತುನ್ ಬೀ ಗಂಬೂಟಿನೊಳಗೆ ಕಾಲು ತೂರಿಸುತ್ತಿದ್ದಾರೆ. ಸೀರೆಯ ಮೇಲೊಂದು ಗಂಡಸರ ಉದ್ದ ತೋಳಿನ ಅಂಗಿ, ಬಾಯಿ ಮೂಗು ಮುಚ್ಚುವಂತೆ ಬಟ್ಟೆ, ಕೈಗೆ ಮೊಣಕೈವರೆಗಿನ ಕೈಗವಸು. ಎದುರಿಗೆ ಸಾಲು ತೊಟ್ಟಿಗಳು, ಅವುಗಳ ಮೇಲೆ ಬೆಳಕು ಹಾಯುವ ಶೀಟಿನ ಮಾಡು. ತೊಟ್ಟಿಯೊಳಗೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕುಬಿಟ್ಟ ಕಪ್ಪು ಹೆಂಟೆಗಳು. ಅವರು ಹಾರೆಯಿಂದ ಒಂದು ಹೆಂಟೆ ಎಬ್ಬಿಸಿ ಮಗುಚುತ್ತಾರೆ. ಅಡಿಭಾಗ ಇನ್ನೂ ಪಸೆಯಾಗಿದೆ. ಹಾಗೇ ಬಿಸಿಲಿಗೆ ಮುಖಮಾಡಿಸಿ ಮುಂದಿನದಕ್ಕೆ ಹೋಗುತ್ತಾರೆ.

ಇದು ಊರಿನ ಪಾಯಿಖಾನೆ ಗುಂಡಿಗಳಿಂದ ಬಂದ ಕೆಸರು. ಮನೆಮನೆಯ ಗುಂಡಿ ತುಂಬಿದಾಗ ಹೀರಿಕೊಂಡು ಬರುವ ಟ್ಯಾಂಕರ್‌ಗಳು ಇಲ್ಲಿಗೆ ಬಂದು ಸುರಿಯುತ್ತವೆ. ನೀರು ಬಸಿದು, ಕೆಸರು ಒಣಗಿ, ಆಮೇಲೆ ತಿಂಗಳುಗಟ್ಟಲೆ ಗುಡ್ಡೆಯಾಗಿ ಕೂತು, ಕೊನೆಗೆ ಗೊಬ್ಬರವಾಗಿ ಹೊಲಗಳಿಗೆ ಹೋಗುತ್ತದೆ. ಗುತ್ತಿಗೆದಾರರೊಬ್ಬರು ನಡೆಸುವ ಈ ಪುಟ್ಟ ಘಟಕದಲ್ಲಿ ಹೆಂಟೆ ಮಗುಚುವುದು, ಒಡೆಯುವುದು, ಗುಡ್ಡೆ ಹಾಕುವುದು ಖಾತುನ್ ಬೀ ಕೆಲಸ. ಟ್ಯಾಂಕರ್ ದಿನಕ್ಕೆ ಮೂರೋ ನಾಲ್ಕೋ ಬರುತ್ತದೆ. ಮಳೆಗಾಲದಲ್ಲಿ ಗುಂಡಿಗಳು ಉಕ್ಕುವುದರಿಂದ ಇನ್ನೂ ಹೆಚ್ಚು.

ನಾನು ಒಂದು ಗುಡ್ಡೆಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಪುಡಿಪುಡಿಯಾದ ಕರಿಮಣ್ಣಿನಂತಿತ್ತು. ಕೈ ಚಾಚುವಷ್ಟರಲ್ಲಿ ಖಾತುನ್ ಬೀ ನನ್ನ ತೋಳು ಹಿಡಿದು ಹಿಂದಕ್ಕೆಳೆದರು.

“ಮುಟ್ಟಬ್ಯಾಡ್ರಿ. ಮಣ್ಣಂಗೇ ಕಾಣ್ತೈತೆ, ವಾಸನೆನೂ ಇಲ್ಲ. ಅದೇ ನನಗೆ ಹೆದ್ರಿಕೆ. ವಾಸನೆ ಇದ್ರೆ ಜನ ದೂರ ನಿಲ್ತಾರೆ. ವಾಸನೆ ಹೋದ್ಮೇಲೆ ಬರಿಗೈಲೇ ಬಾಚ್ಕಂತಾರೆ.”

ಐವತ್ತು ದಾಟಿದ ಈ ಹೆಂಗಸಿನ ಮಾತಿನಲ್ಲಿ ಆ ಹೆದರಿಕೆ ಎಲ್ಲಿ ಹೋದರೂ ಜೊತೆಗೇ ಇರುತ್ತದೆ. ಅದಕ್ಕೊಂದು ಕಾರಣವಿದೆ. ಅದನ್ನು ಅವರು ಮೊದಲ ದಿನ ಹೇಳಲಿಲ್ಲ. ಎರಡನೇ ಸಲ ಹೋದಾಗ, ಸ್ನಾನ ಮುಗಿಸಿ ಬಟ್ಟೆ ಬದಲಿಸಿ, ಬೇವಿನ ಮರದಡಿ ಕೂತು ನಿಧಾನಕ್ಕೆ ಹೇಳಿದರು.

ಖಾತುನ್ ಬೀ ಮನೆತನ ತಲೆಮಾರುಗಳಿಂದ ಹಾಸಿಗೆ ಹೊಲಿಯುವವರದು. ಹತ್ತಿ ಹಿಂಜಿ, ಗಾದಿ ತುಂಬಿ, ದಪ್ಪ ಸೂಜಿಯಲ್ಲಿ ಹೊಲಿದು ಕೊಡುವುದರಲ್ಲಿ ಗಂಡ ಸುಭಾನ್ ಅವರಿಗೆ ಹೊಸದುರ್ಗದಲ್ಲಿ ಒಳ್ಳೆಯ ಹೆಸರಿತ್ತು. ಹೆಣ್ಣಿನ ಕಡೆಯವರು ಮದುವೆಗೆ ಮುಂಚೆ ಇವರ ಮನೆ ಬಾಗಿಲಿಗೇ ಬರುತ್ತಿದ್ದರು. ರೆಡಿಮೇಡ್ ಹಾಸಿಗೆಗಳು ಬಂದ ಮೇಲೆ ಬರುವವರು ಕಡಿಮೆಯಾದರು. ಹತ್ತಿಯ ಧೂಳು ಕುಡಿದು ಕುಡಿದು ಸುಭಾನ್ ಅವರಿಗೆ ದಮ್ಮು ಬಂತು. ಈಗ ಅವರು ದಿಂಬು, ಜೋಲಿ ಇಂಥ ಸಣ್ಣಪುಟ್ಟದ್ದನ್ನಷ್ಟೇ ಹೊಲಿಯುತ್ತಾರೆ. ಘಟಕ ಶುರುವಾದಾಗ ಕೆಲಸಕ್ಕೆ ಬರುವವರೇ ಇರಲಿಲ್ಲ. ಖಾತುನ್ ಬೀ ಹೋದರು. ಹೋದ ಹೊಸದರಲ್ಲಿ ನೆಂಟರ ಮದುವೆಯೊಂದರಲ್ಲಿ ಪಕ್ಕ ಕೂತಿದ್ದ ಹೆಂಗಸು ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋದರಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಲ್ಲ. ಆಕೆ ಹೆದರಿದ್ದು ತಪ್ಪೇನಲ್ಲ, ತನಗೂ ಅದೇ ಹೆದರಿಕೆ ಅನ್ನುತ್ತಾರೆ.

ಆ ಮೊದಲ ವರ್ಷ ಅವರಿಗೆ ಪದೇಪದೇ ಭೇದಿಯಾಗುತ್ತಿತ್ತು. ಒಮ್ಮೆ ಕಾಮಾಲೆಯೂ ಆಗಿ ಕಣ್ಣು ಹಳದಿ ತಿರುಗಿತು. ಆಗ ಘಟಕದಲ್ಲಿ ಬಚ್ಚಲಿರಲಿಲ್ಲ. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗಬೇಕಿತ್ತು. ಹುಷಾರಾಗಿ ಬಂದವರು, ಗುತ್ತಿಗೆದಾರರು ಬಚ್ಚಲು ಕಟ್ಟಿಸಿಕೊಡುವವರೆಗೆ ಬಿಡಲಿಲ್ಲ. ಚುಚ್ಚುಮದ್ದು ಹಾಕಿಸಿದರು, ಗಂಬೂಟು ಬಂತು. ಈಗ ಎರಡು ಸಲ ಸೋಪು ಹಚ್ಚಿ ಮೈ ತೊಳೆಯದೆ ಮನೆಯ ಹೊಸಿಲು ದಾಟುವುದಿಲ್ಲ. ಸೋಪು ತಿಂದು ತಿಂದು ಅವರ ಬೆರಳ ಸಂದುಗಳು ಒಡೆದಿವೆ.

ಕೆಸರಿನ ಮಾದರಿ ತೆಗೆದುಕೊಂಡು ಹೋಗಲು ಚಿತ್ರದುರ್ಗದ ಖಾಸಗಿ ಪ್ರಯೋಗಾಲಯವೊಂದರಿಂದ ಅನುಪಮಾ ಎಂಬ ಹುಡುಗಿ ಬರುತ್ತಾಳೆ. ಈ ಕೆಸರಿನ ಬಗ್ಗೆ ಖಾತುನ್ ಬೀಗೆ ತಿಳಿದಿರುವುದೆಲ್ಲ ಅವಳು ಬಿಡಿಸಿ ಹೇಳಿದ್ದು. ಮನುಷ್ಯನ ಹೊಟ್ಟೆಯಿಂದ ಬಂದ ರೋಗಾಣುಗಳು ಒಣಗುತ್ತಿದ್ದಂತೆ, ಬಿಸಿಯಾಗುತ್ತಿದ್ದಂತೆ ಸಾಯುತ್ತವೆ. ಆದರೆ ಎಲ್ಲವೂ ಒಟ್ಟಿಗೆ ಸಾಯುವುದಿಲ್ಲ. ಜಂತುಹುಳದ ಮೊಟ್ಟೆಗಳು ಎಲ್ಲಕ್ಕಿಂತ ಗಟ್ಟಿ, ತಿಂಗಳುಗಟ್ಟಲೆ ಕಾಯುತ್ತವೆ. ವೈರಸ್ಸುಗಳು ಹೆಂಟೆಯ ಒಳಗಿನ ತೇವ ಹಿಡಿದು ಬದುಕುತ್ತವೆ. ಬ್ಯಾಕ್ಟೀರಿಯಾಗಳದ್ದು ಇನ್ನೊಂದು ಬಗೆ. ಒಣಗಿದಾಗ ಅಳಿದುಳಿದ ಕೆಲವು ಸುಮ್ಮನೆ ಬಿದ್ದಿರುತ್ತವೆ. ಮತ್ತೆ ನೀರು ಸಿಕ್ಕರೆ ಅವೇ ಪುನಃ ಹೆಚ್ಚಬಹುದು. ಹಾಗಾಗಿ ಪರೀಕ್ಷೆಯಲ್ಲಿ ಸರಿಯಿದೆ ಅಂತ ಬಂದ ಗುಡ್ಡೆಯೂ ಒಮ್ಮೆ ನೆನೆದರೆ ಲೆಕ್ಕಕ್ಕಿಲ್ಲ.

ಹೋದ ವರ್ಷ ಆದದ್ದೂ ಅದೇ.

ಮಳೆಗಾಲಕ್ಕೆ ಇನ್ನೂ ದಿನವಿದ್ದಾಗ ಒಂದು ಸಂಜೆ ಜೋರು ಗಾಳಿ ಎದ್ದು ಮಾಡಿನ ಎರಡು ಶೀಟು ಹಾರಿದವು. ಹಿಂದೆಯೇ ಮಳೆ ಬಂತು. ಹೊಲಕ್ಕೆ ಹೋಗಲು ತಯಾರಾಗಿದ್ದ ಗುಡ್ಡೆ ತೊಯ್ದುಹೋಯಿತು. ಮಾರನೆಯ ದಿನದಿಂದ ಮತ್ತೆ ಸುಡುಬಿಸಿಲು. ವಾರದೊಳಗೆ ಗುಡ್ಡೆಯ ಮೈ ಒಣಗಿ ಮೊದಲಿನ ಹಾಗೇ ಕಾಣಿಸಿತು. ಅದನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸುವವರೆಗೆ ಕಳಿಸಬಾರದು ಎಂದು ಖಾತುನ್ ಬೀ ಮೇಸ್ತ್ರಿ ಉಗ್ರಪ್ಪನವರಿಗೆ ಹೇಳಿದರು. ಅವರೂ ಆಯಿತು ಅಂದರು. ಅಷ್ಟರಲ್ಲಿ ಹಿರಿಯೂರಿನಿಂದ ಫೋನು ಬಂತು. ಮಗಳು ಮಹೇಕ್‌ಗೆ ಹೆರಿಗೆ ನೋವು. ಖಾತುನ್ ಬೀ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದರು.

ಹೆಣ್ಣು ಮಗು. ಆಸ್ಪತ್ರೆಯಲ್ಲಿ ನರ್ಸು ಎತ್ತಿಕೊಳ್ಳಿ ಎಂದು ಮಗುವನ್ನು ಚಾಚಿದಾಗ ಖಾತುನ್ ಬೀ ಹಿಂದೆ ಸರಿದು, ಹೋಗಿ ಇನ್ನೊಮ್ಮೆ ಕೈ ತೊಳೆದುಕೊಂಡು ಬಂದರಂತೆ. ಬಂದು ಎತ್ತಿಕೊಳ್ಳುವ ಮೊದಲು ಮತ್ತೊಮ್ಮೆ ಹೋದರಂತೆ. ಮಗಳು ಅದನ್ನು ನೋಡಿ ಅತ್ತುಬಿಟ್ಟಳು.

ಬಾಣಂತಿಯನ್ನು ಮನೆಗೆ ಕರೆತಂದು, ಅವಳ ಅತ್ತೆಯ ಕೈಗೊಪ್ಪಿಸಿ ಖಾತುನ್ ಬೀ ಕೆಲಸಕ್ಕೆ ಮರಳಿದಾಗ ಗುಡ್ಡೆ ಇದ್ದ ಜಾಗ ಖಾಲಿಯಾಗಿತ್ತು.

ಉಗ್ರಪ್ಪನವರನ್ನು ಕೇಳಿದರೆ ಅವರು ಮುಖ ತಿರುಗಿಸಿದರು. ಟ್ಯಾಂಕರ್‌ಗಳು ಸಾಲುಗಟ್ಟಿ ನಿಂತಿದ್ದವು, ಸುರಿಯಲು ತೊಟ್ಟಿ ಇರಲಿಲ್ಲ, ಗುಡ್ಡೆ ಹೇಗೂ ಒಣಗಿತ್ತು. ಹಿರೇಗುಂಟನೂರಿನ ಪರಮೇಶ್ ಎಂಬ ರೈತ ಟ್ರ್ಯಾಕ್ಟರ್ ತಂದು ಕಾಯುತ್ತಿದ್ದ. ತುಂಬಿಸಿ ಕಳಿಸಿದರು. ನನ್ನೆದುರು ಆ ದಿನವನ್ನು ನೆನೆಸಿಕೊಂಡು ಉಗ್ರಪ್ಪ, “ಕಣ್ಣಿಗೆ ಚೆನ್ನಾಗೇ ಕಾಣ್ತು ಸಾರ್. ನಾನೂ ಮನುಷ್ಯ, ಮೇಲಿನೋರು ಬೈತಿದ್ರು,” ಅಂದರು.

ಯಾವ ಬೆಳೆಗೆ ಎಂದು ಖಾತುನ್ ಬೀ ಕೇಳಿದರು. ಕೊತ್ತಂಬರಿಗೆ ಅಂತ ಗೊತ್ತಾಯಿತು. ಮೆಕ್ಕೆಜೋಳಕ್ಕೋ ಹತ್ತಿಗೋ ಹಾಕಿದ್ದರೆ ಅಷ್ಟು ಭಯವಿರಲಿಲ್ಲ. ಕೊತ್ತಂಬರಿಯನ್ನು ಜನ ಹಸಿಯಾಗೇ ತಿನ್ನುತ್ತಾರೆ. ಅನುಪಮಾಗೆ ಫೋನು ಮಾಡಿದರು. ಅವಳು, ಏನೂ ಆಗದೆ ಇರಲೂಬಹುದು, ಆದರೆ ಆ ಸೊಪ್ಪು ಯಾರ ಬಾಯಿಗೂ ಹೋಗುವುದು ಬೇಡ, ಮುಟ್ಟಿದವರು ಕೈಕಾಲು ಸೋಪಿನಲ್ಲಿ ತೊಳೆಯಲಿ, ಉಳಿದ ಗೊಬ್ಬರದಿಂದ ಒಂದಿಷ್ಟು ಮಾದರಿ ಬೇಕು ಅಂದಳು. ಉಗ್ರಪ್ಪ ಪರಮೇಶನ ನಂಬರಿಗೆ ಮಾಡಿದರೆ ಫೋನು ಸಿಗಲಿಲ್ಲ. ನಾಳೆ ನೋಡೋಣ ಅಂದರು.

ಖಾತುನ್ ಬೀ ಮನೆಗೆ ಹೋಗಿ ಗಂಡನಿಗೆ ವಿಷಯ ಹೇಳಿದರು. ಸುಭಾನ್ ಬೇಡ ಅಂದರು. ಕಳಿಸಿದವರು ಬೇರೆಯವರು, ನೀನು ಹೋಗಿ ಹೇಳಿದರೆ ತಪ್ಪು ನಿನ್ನ ತಲೆಗೆ ಬರುತ್ತದೆ, ಇರುವ ಕೆಲಸವೂ ಹೋಗುತ್ತದೆ ಎಂದು ದಮ್ಮಿನ ನಡುವೆ ವಾದಿಸಿದರು. ಖಾತುನ್ ಬೀ ಚೀಲಕ್ಕೆ ಎರಡು ಜೊತೆ ಕೈಗವಸು, ಒಂದು ಸೋಪು ಹಾಕಿಕೊಂಡರು. ಅವರು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಸುಭಾನ್ ಏದುಸಿರು ಬಿಡುತ್ತ ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತಿದ್ದರು. ಒಬ್ಬಳೇ ಹೋಗಬೇಡ ಅಂದರಷ್ಟೆ.

ಹೊಳಲ್ಕೆರೆಯಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು, ಕೇಳುತ್ತ ಕೇಳುತ್ತ ಪರಮೇಶನ ಹೊಲ ತಲುಪಿದಾಗ ಮಧ್ಯಾಹ್ನವಾಗಿತ್ತು. ಕೊಳವೆಬಾವಿಯ ಪಕ್ಕ ಹಸಿರು ಮಡಿಗಳು. ಅರ್ಧ ಮಡಿಗಳ ಸಾಲಿನ ನಡುವೆ ಕಪ್ಪು ಗೊಬ್ಬರ ಹರಡಿ ನೀರು ಹಾಯಿಸಿಯಾಗಿತ್ತು. ಉಳಿದರ್ಧಕ್ಕೆ ಪರಮೇಶನ ತಾಯಿ ಮುದ್ದಕ್ಕ ಬರಿಗಾಲಲ್ಲಿ, ಬರಿಗೈಯಲ್ಲಿ, ಪುಟ್ಟಿಯಿಂದ ಎರಚುತ್ತಿದ್ದರು. ಎಪ್ಪತ್ತರ ಹತ್ತಿರದ ಜೀವ. ಬಾಯಲ್ಲಿ ಎಲೆ ಅಡಿಕೆ. ಅದೇ ಕೈಯಿಂದ ಸೊಂಟದ ಚೀಲ ಬಿಚ್ಚಿ ಸುಣ್ಣ ತೆಗೆದುಕೊಳ್ಳುತ್ತಿದ್ದರು.

ಖಾತುನ್ ಬೀ ಬದುವಿನ ಮೇಲೆ ನಿಂತು ಪರಮೇಶನಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಗುಡ್ಡೆ ನೆನೆದಿತ್ತು, ಮತ್ತೆ ಪರೀಕ್ಷೆ ಆಗಿಲ್ಲ, ಸೊಪ್ಪಿಗೆ ಹಾಕುವಂಥದ್ದಲ್ಲ. ಪರಮೇಶ್ ಕೆಂಡವಾದ. ಅವನ ಸಿಟ್ಟಿನಲ್ಲಿ ನ್ಯಾಯವಿತ್ತು.

“ಕೊಟ್ಟೋರೂ ನೀವೇ, ಬ್ಯಾಡ ಅನ್ನೋರೂ ನೀವೇ. ಮೊದ್ಲು ಹಾಕಿದ ಮಡಿ ಸೊಪ್ಪು ಇವತ್ತು ಬೆಳಗ್ಗೆನೇ ದುರ್ಗದ ಮಾರ್ಕೆಟ್ಟಿಗೆ ಹೋಯ್ತಲ್ಲಮ್ಮ. ಈಗ ಏನ್ ಮಾಡ್ಲಿ ನಾನು?”

ಚಿತ್ರದುರ್ಗಕ್ಕೆ ಹೋದ ಸೊಪ್ಪು ಅಷ್ಟು ಹೊತ್ತಿಗೆ ಯಾವ ಯಾವ ಬೀದಿಗೆ, ಯಾವ ಮನೆಯ ಸಾರಿಗೆ, ಯಾವ ಅಂಗಡಿಯ ಚುರುಮುರಿಗೆ ಬಿದ್ದಿತ್ತೋ. ಪರಮೇಶ್ ಕೂಗಾಡುತ್ತಲೇ ಇದ್ದ. ಖಾತುನ್ ಬೀ ಮಡಿಗಿಳಿದು ಮುದ್ದಕ್ಕನ ಕೈಯಿಂದ ಪುಟ್ಟಿ ಇಸಿದುಕೊಂಡು ಕೆಳಗಿಟ್ಟರು. ಆ ಮುದುಕಿಯನ್ನು ಕೊಳವೆಬಾವಿಯ ಪೈಪಿನ ಹತ್ತಿರ ಕರೆದೊಯ್ದು ಕೂರಿಸಿ, ಬಾಯಿ ಮುಕ್ಕಳಿಸಲು ಹೇಳಿ, ಸೋಪು ತೆಗೆದು ಎರಡೂ ಕೈ ತೊಳೆದರು. ಉಗುರಿನ ಸಂದಿಗೆ ಕಡ್ಡಿ ಹಾಕಿ ತೆಗೆದರು. ಆಮೇಲೆ ಕಾಲು. ಹಿಮ್ಮಡಿಯ ಬಿರುಕುಗಳಲ್ಲಿ ಕಪ್ಪು ಪುಡಿ ಕೂತಿತ್ತು. ಅದನ್ನು ಬಿಡಿಸಿ ತೊಳೆಯಲು ಬಹಳ ಹೊತ್ತು ಹಿಡಿಯಿತು. ಮುದ್ದಕ್ಕ ಕಾಲು ಎಳೆದುಕೊಳ್ಳಲಿಲ್ಲ. ತನ್ನ ಕಾಲನ್ನು ಬೇರೆಯವರು ತೊಳೆದದ್ದು ಅವರಿಗೆ ನೆನಪಿಲ್ಲವಂತೆ.

ತೊಳೆದಾದ ಮೇಲೆ ಮುದ್ದಕ್ಕ ಮಗನನ್ನು ಕರೆದರು. “ಲೇ ಪರಮೇಶ, ಈ ಬೂಬಮ್ಮ ಸುಮ್ ಸುಮ್ನೆ ಅಷ್ಟು ದೂರದಿಂದ ಬರಲ್ಲ. ಸೊಪ್ಪು ಹೊಡ್ದಾಕು.”

ಆ ಮಧ್ಯಾಹ್ನವೇ ಸೊಪ್ಪು ಕಿತ್ತು ಮಣ್ಣಿಗೆ ಸೇರಿಸುವ ಕೆಲಸ ಶುರುವಾಯಿತು. ಖಾತುನ್ ಬೀ ಒಂದು ಜೊತೆ ಕೈಗವಸು ಪರಮೇಶನಿಗೆ ಕೊಟ್ಟು ಇನ್ನೊಂದು ತಾವು ಹಾಕಿಕೊಂಡರು. ಸುಭಾನ್ ಬದುವಿನ ಮೇಲೆ ಕೂತು, ಧೂಳು ಹೋಗದಂತೆ ಬಾಯಿಗೆ ಕರವಸ್ತ್ರ ಹಿಡಿದು, ಇವರಿಬ್ಬರನ್ನೂ ನೋಡುತ್ತಿದ್ದರು. ಕೊಯ್ಲಿಗೆ ಬಂದ ಕೊತ್ತಂಬರಿ ನೇಗಿಲಿಗೆ ಸಿಕ್ಕಿ ಮಗುಚುವಾಗ ಹೊಲದ ತುಂಬ ಘಮಘಮ ವಾಸನೆ. ಉಳಿದ ಗೊಬ್ಬರವನ್ನು ಟಾರ್ಪಾಲಿನಿಂದ ಮುಚ್ಚಿದರು. ಖಾತುನ್ ಬೀ ಅನುಪಮಾ ಹೇಳಿದಂತೆ ಅದರಿಂದ ಒಂದಿಷ್ಟು ಚೀಲಕ್ಕೆ ಕಟ್ಟಿಕೊಂಡರು. ಆ ಮಡಿಗಳಿಗೆ ಆಮೇಲೆ ಪರಮೇಶ್ ಮೆಕ್ಕೆಜೋಳ ಹಾಕಿದ.

ಮುಂದಿನ ವಾರ ಮುದ್ದಕ್ಕನಿಗೆ ವಾಂತಿಭೇದಿ ಶುರುವಾಯಿತು.

ಉಗ್ರಪ್ಪನವರ ಫೋನಿಗೆ ಬಂದ ಸುದ್ದಿಯದು. ಖಾತುನ್ ಬೀ ಹಾರೆ ಬಿಟ್ಟು, ಮೈ ತೊಳೆದು ಆಸ್ಪತ್ರೆಗೆ ಹೊರಟರು. ವಾರ್ಡಿನ ಬಾಗಿಲವರೆಗೂ ಹೋದವರಿಗೆ ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಕೈಗೆ ಗ್ಲೂಕೋಸಿನ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಮುದ್ದಕ್ಕನ ಕಣ್ಣು ಗುಳಿಬಿದ್ದಿತ್ತು. ಪರಮೇಶ್ ಗೋಡೆಗೆ ಒರಗಿ ನಿಂತಿದ್ದ. ಅವನು ಇವರನ್ನು ನೋಡಿಯೂ ನೋಡದ ಹಾಗೆ ತಲೆ ತಗ್ಗಿಸಿದ. ಎಷ್ಟು ಹೊತ್ತು ಹಾಗೆ ನಿಂತಿದ್ದರೋ ಅವರಿಗೇ ತಿಳಿಯದು. ಕೊನೆಗೆ ಹಾಸಿಗೆಯಿಂದ ಸಣ್ಣ ದನಿ ಬಂತು.

“ಅಲ್ಲಿ ಯಾಕೆ ನಿಂತೀಯ ಬೂಬಮ್ಮ. ಬಾ, ಕುಂತ್ಕ.”

ಖಾತುನ್ ಬೀ ಹೋಗಿ ನೆಲದ ಮೇಲೆ ಕೂತರು. ಮುದ್ದಕ್ಕ ಅಲ್ಲಿದ್ದ ಎರಡು ದಿನವೂ ಆಗಾಗ ಬಂದು ಕೂತರು. ಡಾಕ್ಟರು ಇದು ಗೊಬ್ಬರದಿಂದಲೇ ಬಂತು ಎಂದು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಆ ವಾರ ಊರಲ್ಲಿ ಬೇರೆ ಮನೆಗಳಲ್ಲೂ ಭೇದಿಯಾಗಿತ್ತು. ನೀರಿನ ಪೈಪು ಒಡೆದಿತ್ತು ಎಂದು ಕೆಲವರು ಹೇಳಿದರು. ಮುದ್ದಕ್ಕ ಚೇತರಿಸಿಕೊಂಡು ಮನೆಗೆ ಹೋದರು.

ಪ್ರಯೋಗಾಲಯದ ಫಲಿತಾಂಶ ಆಮೇಲೆ ಬಂತು. ಆ ಗೊಬ್ಬರದಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾಗಳು ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿದ್ದವು. ನೆನೆಯುವ ಮೊದಲು ಅದೇ ಗುಡ್ಡೆ ಪರೀಕ್ಷೆಯಲ್ಲಿ ಗೆದ್ದಿತ್ತು. ವೈರಸ್ಸುಗಳನ್ನು ಹುಡುಕುವ ಸೌಲಭ್ಯ ತಮ್ಮಲ್ಲಿಲ್ಲ ಎಂದು ಅನುಪಮಾ ನನಗೂ ಹೇಳಿದಳು. ಬ್ಯಾಕ್ಟೀರಿಯಾ ನೋಡಿ ಉಳಿದದ್ದನ್ನು ಅಂದಾಜು ಮಾಡಬೇಕು. ಕಾಣಿಸಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಎಂದು ಹೇಳಲು ಬರುವುದಿಲ್ಲ. ಹೇಳುವಾಗ ಅವಳೂ ಅಷ್ಟೇ ಆತಂಕದಲ್ಲಿದ್ದಳು. ಗುಡ್ಡೆ ನೆನೆದ ವಾರವೇ ತಾನು ಬರಬೇಕಿತ್ತು ಎಂಬ ಕೊರಗು ಅವಳಿಗಿದೆ.

ಖಾತುನ್ ಬೀ ಕೆಲಸ ಹೋಗಲಿಲ್ಲ. ಗುತ್ತಿಗೆದಾರರು ಕರೆಸಿ ಬೈದರು, ಹೊರಗಿನವರಿಗೆ ಹೇಳುವ ಮೊದಲು ನಮಗೆ ಹೇಳಬೇಕಿತ್ತು ಅಂದರು. ಉಗ್ರಪ್ಪ ನಡುವೆ ಬಂದು, ಕಳಿಸಿದ್ದು ನಾನು ಎಂದು ಒಪ್ಪಿಕೊಂಡರು. ಅದನ್ನು ಖಾತುನ್ ಬೀ ಮರೆತಿಲ್ಲ. ಹಾರಿದ ಶೀಟುಗಳ ಜಾಗಕ್ಕೆ ಹೊಸದು ಬಂದಿದೆ. ನೆನೆದ ಗುಡ್ಡೆಯನ್ನು ಈಗ ಬೇರೆ ಕಡೆ ಸರಿಸಿ ಸುತ್ತ ಕೆಂಪು ಹಗ್ಗ ಕಟ್ಟುತ್ತಾರೆ. ಆದರೆ ಮಾಡಿನ ಪಕ್ಕಗಳು ತೆರೆದೇ ಇವೆ. ಮಳೆಯ ಎರಚಲು ಒಳಗೆ ಬರುತ್ತದೆ. ಪಕ್ಕಕ್ಕೊಂದು ಗೋಡೆಯಾದರೆ ಸಾಕು, ಬೇರೇನೂ ಬೇಡ ಅನ್ನುತ್ತಾರೆ. ಮೋಡ ಕಂಡಾಗಲೆಲ್ಲ ಅವರ ಮಾತು ನಿಲ್ಲುತ್ತದೆ. ನಾವು ಮಾತಾಡುತ್ತ ಕೂತಿದ್ದಾಗಲೇ ಪಡುವಣದಲ್ಲಿ ಒಂದು ತುಣುಕು ಮೋಡ ಕಪ್ಪಾಯಿತು. ಎದ್ದು ಹೋಗಿ ಟಾರ್ಪಾಲಿನ ಮೂಲೆಗಳಿಗೆ ಕಲ್ಲು ಹೇರಿ ಬಂದರು.

ಅವರನ್ನು ಬಿಡದೆ ಕಾಡುವುದು ಚಿತ್ರದುರ್ಗಕ್ಕೆ ಹೋದ ಆ ಸೊಪ್ಪು. ಎಷ್ಟೋ ದಿನ ದುರ್ಗದ ಕಡೆಯಿಂದ ಬಂದವರನ್ನೆಲ್ಲ, ಟ್ಯಾಂಕರ್ ಡ್ರೈವರ್‌ಗಳನ್ನು, ಬಸ್ಸಿನಲ್ಲಿ ಪಕ್ಕ ಕೂತವರನ್ನು, ಅಲ್ಲಿ ಭೇದಿಗೀದಿ ಜಾಸ್ತಿಯಾಗಿದೆಯಾ ಎಂದು ಕೇಳುತ್ತಿದ್ದರಂತೆ. ಯಾರೂ ಹೌದು ಅನ್ನಲಿಲ್ಲ. ಆದರೂ ಸಮಾಧಾನವಿಲ್ಲ.

“ಒಂದು ಮಗು ತಿಂದಿದ್ರೆ? ಒಬ್ಬ ಬಸುರಿ ತಿಂದಿದ್ರೆ? ಏನೂ ಆಗಿಲ್ಲ ಅಂತ ನನಗೆ ಯಾರು ಹೇಳ್ತಾರೆ? ಕೇಳಾಕೆ ಅವರ ಹೆಸ್ರೂ ಗೊತ್ತಿಲ್ಲ,” ಅನ್ನುತ್ತಾರೆ. ಹಿರಿಯೂರಿಗೆ ಹೋದಾಗ ಮೊಮ್ಮಗಳಿಗೆ ಉಣಿಸುವ ಮೊದಲು ಸೊಪ್ಪು ತರಕಾರಿಯನ್ನೆಲ್ಲ ಉಪ್ಪುನೀರಿನಲ್ಲಿ ಅದ್ದಿ, ತೊಳೆದು, ಬೇಯಿಸಿದ ಮೇಲೂ ಒಂದು ಗಳಿಗೆ ಕೈ ತಡೆಯುತ್ತದೆ.

ಇಷ್ಟು ಹೆದರಿಕೆಯಿದ್ದೂ ಕೆಲಸ ಯಾಕೆ ಬಿಡಲಿಲ್ಲ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಮೊದಲೆಲ್ಲ ಟ್ಯಾಂಕರ್‌ನವರು ರಾತ್ರೋರಾತ್ರಿ ಹಳ್ಳಕ್ಕೆ ಬಿಟ್ಟು ಹೋಗುತ್ತಿದ್ದರು, ಆ ಹಳ್ಳದ ನೀರನ್ನೇ ದನ ಕುಡಿಯುತ್ತಿದ್ದವು, ಹೆಂಗಸರು ಬಟ್ಟೆ ಒಗೆಯುತ್ತಿದ್ದರು ಎಂದು ನೆನೆಸಿಕೊಂಡರು. ಇಲ್ಲಿಗೆ ಬಂದರೆ ರೋಗಾಣುಗಳು ಅರ್ಧಕ್ಕರ್ಧವಾದರೂ ಸಾಯುತ್ತವೆ. ಉಳಿದವನ್ನು ಕಾಯಲು ಒಬ್ಬರು ಬೇಕಲ್ಲ ಅನ್ನುವುದು ಅವರ ಮಾತು.

ನಾನು ಕೊನೆಯ ಸಲ ಹೋದ ಬೆಳಗ್ಗೆ ಗೇಟಿನ ಹೊರಗೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ಪರಮೇಶ್. ಮೆಕ್ಕೆಜೋಳ ಚೆನ್ನಾಗಿ ಬಂದಿತ್ತಂತೆ, ಮತ್ತೆ ಬಿತ್ತನೆಗೆ ಮೊದಲು ಗೊಬ್ಬರ ಬೇಕಿತ್ತು. ತಯಾರಾದ ಗುಡ್ಡೆಯೊಂದನ್ನು ತೋರಿಸಿ ಉಗ್ರಪ್ಪ ತುಂಬಿಕೋ ಅಂದರು. ಪರಮೇಶ್ ಸಲಿಕೆ ಮುಟ್ಟಲಿಲ್ಲ. ಬೂಬಮ್ಮ ಹೂಂ ಅಂದರೆ ಮಾತ್ರ ತಾ, ಇಲ್ಲದಿದ್ದರೆ ಖಾಲಿ ಗಾಡಿ ತಾ ಎಂದು ಅವನ ತಾಯಿ ಹೇಳಿ ಕಳಿಸಿದ್ದರು. ಅವನು ಖಾತುನ್ ಬೀ ಎದುರಿಗೆ ಹೋಗಿ ನಿಂತ. ಅವರು ಗುಡ್ಡೆಯ ಸುತ್ತ ಒಂದು ಸುತ್ತು ಬಂದರು. ಆ ವಾರ ಎರಚಲು ಬಿದ್ದಿತ್ತು, ಅನುಪಮಾ ಮಾದರಿ ಒಯ್ದಿದ್ದಳು, ಫಲಿತಾಂಶ ಬಂದಿರಲಿಲ್ಲ. ಬರುವ ವಾರ ಬಾರಪ್ಪ ಎಂದು ಕಳಿಸಿದರು. ಪರಮೇಶ್ ತಕರಾರು ಮಾಡದೆ ಖಾಲಿ ಟ್ರ್ಯಾಕ್ಟರ್ ತಿರುಗಿಸಿದ.

ಹೋಗುವವರೆಗೂ ಅದನ್ನೇ ನೋಡುತ್ತ ನಿಂತಿದ್ದ ಖಾತುನ್ ಬೀ ಬಾಯಿಯ ಬಟ್ಟೆ ಸರಿಪಡಿಸಿಕೊಂಡು ಹಾರೆ ಎತ್ತಿಕೊಂಡರು.

“ಇಷ್ಟು ವರ್ಷದಾಗೆ ಯಾರೂ ನನ್ನ ಕೇಳಿ ಒಂದು ಪುಟ್ಟಿ ಮಣ್ಣೂ ಎತ್ತಿದ್ದಿಲ್ಲ. ಈಗ ಆ ಅಕ್ಕ ನನ್ನ ಬಾಯಿಂದ ಹೂಂ ಬರ್ಲಿ ಅಂತ ಕಾಯ್ತಾಳೆ,” ಅಂದರು. ಒಂದು ಹೆಂಟೆ ಎಬ್ಬಿಸುತ್ತ, “ಅದಕ್ಕೇ ಹೂಂ ಅನ್ನಾಕೆ ಭಯ ಆಗ್ತೈತೆ.”